ಹುಲಗಮ್ಮನನ್ನು ಎಲ್ಲಿ ಇಳಿಸಿದಿರಿ, ಸಾಹೇಬರೇ?

ಬಸ್ ನಿಲ್ದಾಣವನ್ನು ಚೊಕ್ಕಟ ಮಾಡಿಸಿದ ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಗಂಗಾವತಿಯ ನಿಲ್ದಾಣದಲ್ಲಿ ಕೂತಿದ್ದ ಬಡವರನ್ನು ಒಂದು ಮಧ್ಯಾಹ್ನ ವ್ಯಾನಿಗೆ ತುಂಬಿ ಒಯ್ಯಿರಿ ಎಂದು ಅಪ್ಪಣೆ ಕೊಟ್ಟವರು ಯಾರೋ ಅವರಿಗೆ ಈ ಪತ್ರ. ಆ ವ್ಯಾನಿನಲ್ಲಿ ಹುಲಗಮ್ಮ ಎಂಬ ದಿನ ತುಂಬುತ್ತ ಬಂದ ಬಸುರಿ ಇದ್ದಳು. ಆಕೆಯನ್ನು ಎಲ್ಲಿ ಇಳಿಸಿದಿರಿ? ನನ್ನ ಪ್ರಶ್ನೆ ಇಷ್ಟೇ. ಉತ್ತರ ಗೊತ್ತಿದ್ದರೆ ಪತ್ರವನ್ನು ಇಲ್ಲಿಗೇ ಮಡಚಿಟ್ಟು ಹೇಳಿಬಿಡಿ. ಗೊತ್ತಿಲ್ಲದಿದ್ದರೆ ಕಡೆಯತನಕ ಓದಿ. ಬೇರೆ ಯಾವ ಶಿಕ್ಷೆಯನ್ನೂ ನಿಮಗೆ ಕೊಡುವ ತಾಕತ್ತು ನನ್ನ ಹತ್ತಿರ ಇಲ್ಲ.

ನಾನು ಕುಕನೂರು ತಾಲ್ಲೂಕಿನ ಮಂಗಳೂರಿನವಳು. ಸಮುದ್ರದ ಮಂಗಳೂರಲ್ಲ, ಎರೆಹೊಲದ ಮಂಗಳೂರು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಡಿಸಿದರು. ಆಮೇಲೆ ಕಲಿತದ್ದೆಲ್ಲ ಕಿರಾಣಿ ಸಾಮಾನು ಕಟ್ಟಿ ಬಂದ ಪೇಪರಿನ ಮೇಲೆ. ಕಾಗುಣಿತ ತಪ್ಪಿದ್ದರೆ ನಿಮ್ಮ ಕಚೇರಿಯವರು ತಿದ್ದಿಕೊಳ್ಳಲಿ. ತಿದ್ದಬಹುದಾದ್ದು ಅದೊಂದಾದರೂ ಅವರಿಗೆ ಸಿಗಲಿ.

ಆ ದಿನ ನಾನು ಕಾರಟಗಿಗೆ ಹೊರಟಿದ್ದೆ. ಮೊಮ್ಮಗಳು ಅಮೃತಾಳನ್ನು ಅಲ್ಲಿಗೆ ಕೊಟ್ಟಿದೆ, ಆಕೆಗೆ ಏಳು ತಿಂಗಳು ತುಂಬಿತ್ತು, ಕುಬಸ ಇತ್ತು. ನೀವು ಎಲ್ಲಿಯವರೋ ಏನೋ, ನಮ್ಮ ಕಡೆಯ ಪದ್ಧತಿ ತಿಳಿಯದಿದ್ದರೆ ಹೇಳುತ್ತೇನೆ. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ರವಿಕೆಗೆ ಹಸಿರು ಖಣ ಕೊಟ್ಟು, ಉಡಿ ತುಂಬಿ, ಬಿದಿರು ಬುಟ್ಟಿ ತುಂಬ ತಂದ ಬುತ್ತಿ ಉಣ್ಣಿಸುವುದೇ ಕುಬಸ. ಮನೆಯವರೆಲ್ಲ ಹಿಂದಿನ ದಿನವೇ ಗಾಡಿ ಮಾಡಿಕೊಂಡು ಹೋಗಿದ್ದರು. ಬುತ್ತಿ ಹಳಸಬಾರದು, ಅವತ್ತಿನದೇ ಆಗಬೇಕು ಎಂದು ನಾನೂ ನನ್ನ ನೆಗೆಣ್ಣಿ, ಅಂದರೆ ವಾರಗಿತ್ತಿ, ಮುದುಕಮ್ಮನೂ ಉಳಿದು, ಸಜ್ಜೆ ರೊಟ್ಟಿ ಬಡಿದು, ಹೋಳಿಗೆ, ಕಡಬು, ಗುರೆಳ್ಳು ಚಟ್ನಿ ಮಾಡಿ, ಬಿಳಿ ಬಟ್ಟೆ ಬಿಗಿದು ಬಸ್ಸು ಹಿಡಿದೆವು. ಹಿಡಿದೆವು ಎನ್ನುವುದು ಮಾತಿಗೆ. ಕುಕನೂರಿನಲ್ಲಿ ಕಾದೆವು, ಕೊಪ್ಪಳದಲ್ಲಿ ಕಾದೆವು, ಗಂಗಾವತಿಯಲ್ಲಿ ಕಾದ ಕಥೆಯನ್ನು ಮುಂದೆ ಹೇಳುತ್ತೇನೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ್ದಾರೆ, ಉಪಕಾರ ಮರೆಯುವುದಿಲ್ಲ. ಅವತ್ತು ಎಲ್ಲವೂ ಪುಕ್ಕಟೆ ಇತ್ತು, ಬಸ್ಸೊಂದು ಇರಲಿಲ್ಲ.

ಎಲ್ಲಿ ಹೋದವು ಎಂದು ಕೊಪ್ಪಳದ ಕಂಟ್ರೋಲರನನ್ನು ಕೇಳಿದೆ. "ಸಮಾವೇಶಕ್ಕ ಹೋಗ್ಯಾವ ಅಜ್ಜಿ" ಎಂದ. ಯಾರ ಸಮಾವೇಶ? "ಬಡವರದು." ಅಲ್ಲೇ ಗೋಡೆಯ ಮೇಲೆ ಅದರ ಬ್ಯಾನರು ಕಟ್ಟಿದ್ದರು, ಅದರಲ್ಲಿ ಒಬ್ಬ ರೈತ, ಒಬ್ಬ ಹೆಂಗಸು, ಒಂದು ಕೂಸು, ಮೂವರೂ ಹಲ್ಲು ಕಾಣುವ ಹಾಗೆ ನಗುತ್ತಿದ್ದರು. ಅಷ್ಟು ಬಿಳಿ ಹಲ್ಲಿನ ಬಡವರನ್ನು ನಾನು ಈ ವಯಸ್ಸಿನತನಕ ಕಂಡಿಲ್ಲ. ನಿಜವಾದ ಬಡವರು ಆ ಬ್ಯಾನರಿನ ಕೆಳಗೆ, ನೆರಳಿದ್ದಷ್ಟು ಜಾಗದಲ್ಲಿ, ಕಾಲು ಮಡಚಿಕೊಂಡು ಕೂತಿದ್ದರು. ಅವರನ್ನು ಸಮಾವೇಶಕ್ಕೆ ಯಾರೂ ಕರೆದಿರಲಿಲ್ಲ.

ಗಂಗಾವತಿ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಕಾರಟಗಿಯ ಬಸ್ಸು ವಿಳಂಬವಾಗಿದೆ, ಪ್ರಯಾಣಿಕರಿಗಾದ ಅಡಚಣೆಗೆ ವಿಷಾದಿಸುತ್ತೇವೆ ಎಂದು ಮೈಕಿನಲ್ಲಿ ಒಂದು ಹೆಣ್ಣಿನ ದನಿ ಹೇಳುತ್ತಲೇ ಇತ್ತು. ಆ ದನಿಗೆ ಎಷ್ಟು ವಿಷಾದವಿತ್ತು ಎಂದರೆ ಸ್ವಲ್ಪ ಹೊತ್ತಿಗೆ ನಮಗೇ ಆಕೆಯ ಮೇಲೆ ಮರುಕ ಬಂತು. ಬೆಂಚುಗಳೆಲ್ಲ ತುಂಬಿದ್ದವು. ಕಂಬವೊಂದರ ಹತ್ತಿರ ಚಾದರ ಹಾಸಿ ಇಬ್ಬರೂ ನೆಲಕ್ಕೆ ಕೂತೆವು.

ಸಾಹೇಬರೇ, ನೀವು ಯಾವತ್ತಾದರೂ ಬಸ್ ನಿಲ್ದಾಣದ ನೆಲದ ಮೇಲೆ ಕೂತಿದ್ದೀರಾ? ನಿಂತವರಿಗೆ ಕಾಣದ್ದು ಕೂತವರಿಗೆ ಕಾಣುತ್ತದೆ. ಆ ನಿಲ್ದಾಣದ ಮೇಲೆ ನಾನು ಎಷ್ಟು ಸಲ ಹಾದು ಹೋಗಿದ್ದೇನೋ. ಒಮ್ಮೆಯೂ ಯಾರ ಮುಖವನ್ನೂ ನೋಡಿರಲಿಲ್ಲ. ಕಿಟಕಿಯಾಚೆಯಿಂದ ಒಂದು ಕೈ ಬರುತ್ತಿತ್ತು, ಬಸ್ಸು ಬಿಡುತ್ತಿತ್ತು, ಕೈ ಹಿಂದೆ ಉಳಿಯುತ್ತಿತ್ತು. ಅವತ್ತು ಬಸ್ಸು ಬರಲಿಲ್ಲ. ಹೀಗಾಗಿ ಕೈಯ ಹಿಂದೆ ಮುಖ ಕಂಡಿತು. ಪಿನ್ನು, ಬಾಚಣಿಕೆ ಮಾರುವ ಹೆಂಗಸು ತನ್ನ ಕೂಸನ್ನು ಬಟ್ಟೆಯ ತುಂಡಿನಿಂದ ಬೆಂಚಿನ ಕಾಲಿಗೆ ಕಟ್ಟಿ ವ್ಯಾಪಾರಕ್ಕೆ ಏಳುತ್ತಿದ್ದಳು. ಕಣ್ಣು ಕಾಣದ ಒಬ್ಬ ಮುದುಕ ಬಸ್ಸಿನ ಸಪ್ಪಳದ ಮೇಲೆಯೇ ಇದು ಸಿಂಧನೂರಿನದು, ಇದು ಕುಷ್ಟಗಿಯದು ಎಂದು ಊಹಿಸಿ ಆ ಕಡೆ ನಡೆಯುತ್ತಿದ್ದವನು, ಅವತ್ತು ಸಪ್ಪಳವೇ ಇಲ್ಲದೆ ಗೋಡೆಗೆ ಕೈಹಚ್ಚಿ ನಿಂತುಬಿಟ್ಟಿದ್ದ. ನಮಗೆ ತಡವಾದರೆ ಕುಬಸ ತಪ್ಪುತ್ತದೆ. ಅವನಿಗೆ ತಡವಾದರೆ ಊಟ ತಪ್ಪುತ್ತದೆ. ಮೈಕಿನವಳ ವಿಷಾದ ಅವನಿಗೂ ಸೇರಿತ್ತೋ ಇಲ್ಲವೋ ನನಗೆ ತಿಳಿಯದು.

ಆಗ ಕಂಬದ ಆ ಮಗ್ಗಲಿನಿಂದ ಒಂದು ದನಿ ಬಂತು. "ಅವ್ವಾರ, ಸ್ವಲ್ಪ ಸರೀತೀರೇನ್ರಿ? ನನ್ನ ಗಂಡ ಬಂದ್ರ ಈ ಕಂಬ ಕಾಣಬೇಕ್ರಿ."

ನೋಡಿದರೆ ಇಪ್ಪತ್ತೂ ದಾಟಿರದ ಹುಡುಗಿ. ಹೊಟ್ಟೆ ಮುಂದಕ್ಕೆ ಬಂದಿತ್ತು, ಮುಖ ಮಾತ್ರ ಹಿಂದಕ್ಕೆ ಸರಿದ ಹಾಗೆ ಬತ್ತಿತ್ತು. ಕಾಲಲ್ಲಿ ಉಂಗುರ, ಕೊರಳಲ್ಲಿ ಕರಿಮಣಿ. ಮುದುಕಮ್ಮನ ಬಾಯಿ ಸುಮ್ಮನಿರುವ ಬಾಯಲ್ಲ.

"ನಿನ ಗಂಡ ಕಂಬ ನೋಡಾಕ ಬರ್ತಾನೋ, ನಿನ್ನ ನೋಡಾಕ ಬರ್ತಾನೋ?" ಎಂದಳು.

"ಕಂಬದ ಬಾಜು ನಾ ಇರ್ತೀನಲ್ರಿ" ಎಂದು ಹುಡುಗಿ ನಕ್ಕಳು. ಹೆಸರು ಹುಲಗಮ್ಮ ಎಂದಳು.

ಕುಷ್ಟಗಿ ಕಡೆಯ ಹಳ್ಳಿಯವರು ಅವರು. ಗಂಡ ಹನಮಪ್ಪ ಇನ್ನೊಬ್ಬರ ಕುರಿ ಕಾಯುತ್ತಿದ್ದ. ಧಣಿ ಕುರಿಗಳನ್ನೆಲ್ಲ ಮಾರಿದಾಗ ಕುರಿಯ ಜೊತೆಗೆ ಇವರ ಗುಡಿಸಲೂ ಹೋಯಿತು. ಭತ್ತದ ಸೀಮೆಯಲ್ಲಿ ಕೆಲಸ ಸಿಗುತ್ತದೆ ಎಂದು ಇಲ್ಲಿಗೆ ಬಂದರು. ಈ ಸ್ಥಿತಿಯ ಹೆಂಡತಿಯನ್ನು ಮಿಲ್ಲಿನಿಂದ ಮಿಲ್ಲಿಗೆ ತಿರುಗಿಸಲಾಗದೆ, "ಕಾರಟಗ್ಯಾಗ ಹಮಾಲಿ ಕೆಲಸಾನೂ ಇರಾಕ ಒಂದ್ ಖೋಲೀನೂ ಸಿಕ್ಕ ಕೂಡ್ಲೆ ಬರ್ತೀನಿ, ಈ ಕಂಬ ಬಿಟ್ಟು ಏಳಬ್ಯಾಡ" ಎಂದು ಹೇಳಿ ಹನಮಪ್ಪ ಹೋಗಿ ಕೆಲವು ದಿನವಾಗಿತ್ತು. ಇದ್ದ ಒಂದೇ ಫೋನು ಅವನ ಜೇಬಿನಲ್ಲಿ. ನಂಬರು ಈಕೆಗೆ ಬಾಯಿಪಾಠವಿಲ್ಲ. ಕೈ ಚಾಚುತ್ತಿದ್ದಳೇ ಎಂದು ಕೇಳುತ್ತೀರಿ. ಹೌದು, ಚಾಚುತ್ತಿದ್ದಳು. ಎದುರಿಗಿನ ಚಹಾ ಅಂಗಡಿಯ ಉಮರಸಾಬ ಕೊಡುತ್ತಿದ್ದ ಬನ್ನು ಸಾಲದಾದಾಗ ಚಾಚುತ್ತಿದ್ದಳು. ಹೊಟ್ಟೆಯಲ್ಲಿ ಇನ್ನೊಂದು ಜೀವ ಒದೆಯುತ್ತಿರುವಾಗ ಮಾನ ಎಷ್ಟು ಹೊತ್ತು ಗಟ್ಟಿ ಕೂರುತ್ತದೆ ಎಂಬುದನ್ನು ನಿಮ್ಮ ಮನೆಯ ಹೆಂಗಸರನ್ನು ಕೇಳಿ ತಿಳಿದುಕೊಳ್ಳಿ.

ಕುಬಸದ ಬುತ್ತಿಯನ್ನು ಯಾರ ಕುಬಸವೋ ಆ ಬಸುರಿಯೇ ಬಿಚ್ಚಬೇಕು, ದಾರಿಯಲ್ಲಿ ಯಾರೂ ಮುಟ್ಟುವಂತಿಲ್ಲ. ಆದರೆ ಹೋಳಿಗೆಯ ವಾಸನೆ ಬಟ್ಟೆ ದಾಟಿ ಬರುತ್ತಿತ್ತು. ಆ ಹುಡುಗಿ ಬುಟ್ಟಿಯ ಕಡೆ ನೋಡದಿರಲಿಕ್ಕೆ ಪಡುತ್ತಿದ್ದ ಪಾಡನ್ನು ನಾನು ನೋಡಲಾರದೆ ಗಂಟಿಗೆ ಕೈ ಹಾಕಿದೆ.

"ಏ ದ್ರಾಕ್ಷಾಯಿಣಿ! ಬೀಗರ ಮುಂದ ಏನಂತ ಹೇಳ್ತಿ?" ಎಂದು ಮುದುಕಮ್ಮ ಕೈ ಹಿಡಿದಳು.

"ಬಸುರಿ ಬುತ್ತಿ ಬಸುರಿ ಬಿಚ್ಚಿದ್ಲು ಅಂತೀನಿ. ಯಾವ ಬಸುರಿ ಅಂತ ಅವ್ರು ಕೇಳಿದ್ರ ನೀ ಹೇಳು" ಎಂದೆ.

ಹುಲಗಮ್ಮ ಉಂಡಳು. ನಿಧಾನಕ್ಕೆ, ಪ್ರತಿ ತುತ್ತಿಗೂ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. ಒಂದು ಕಡಬನ್ನು ಗಂಡನಿಗೆಂದು ಎತ್ತಿಟ್ಟಳು. ನಿನಗೆ ಕುಬಸ ಮಾಡಿದ್ದಾರೇನವ್ವ ಎಂದು ಕೇಳಿದ್ದಕ್ಕೆ, "ತವರು ಇಲ್ಲಬೇ, ಯಾರ್ ಮಾಡ್ತಾರ?" ಎಂದಳು. ಅಮೃತಾಳಿಗೆ ಒಯ್ದಿದ್ದರಲ್ಲಿ ಖಣ ಎರಡಿದ್ದವು, ಅಕ್ಕಿ ಇತ್ತು, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು ಇದ್ದವು. ಆ ಕಂಬದ ಬುಡದಲ್ಲಿ, ಜನ ದಾಟಿ ಹೋಗುತ್ತಿರುವಂತೆಯೇ, ನಾವಿಬ್ಬರು ಮುದುಕಿಯರು ಹುಲಗಮ್ಮನ ಹಣೆಗೆ ಕುಂಕುಮ ಇಟ್ಟು, ಹಸಿರು ಖಣ ಕೊಟ್ಟು, ಸೆರಗಿಗೆ ಅಕ್ಕಿ ಸುರಿದು ಉಡಿ ತುಂಬಿದೆವು. ಆಕೆ ಅಳಲಿಲ್ಲ. ಹೊಸ ಖಣದ ಅಂಚನ್ನು ಬೆರಳಿನಿಂದ ಉಜ್ಜಿ ಉಜ್ಜಿ ನೋಡಿ, "ಎಲ್ಲಿ ಸುರುವಲಿಬೇ?" ಎಂದಳು.

ಆಗ ನಮಗೆ ಎಚ್ಚರ ಬಂತು. ತುಂಬಿದ ಉಡಿಯನ್ನು ಕಂಡಕಂಡಲ್ಲಿ ಬಿಚ್ಚುವಂತಿಲ್ಲ. ಮನೆಗೆ ಹೋಗಿ, ದೇವರ ಮುಂದೆ ಮೊರದಲ್ಲಿ ಸುರುವಬೇಕು. ಅಲ್ಲಿಯತನಕ ಒಂದು ಕಾಳು ನೆಲಕ್ಕೆ ಬೀಳಬಾರದು. ನಮ್ಮ ಕಡೆಯ ಪದ್ಧತಿಯನ್ನು ಮಾಡಿದವರು ಪ್ರತಿ ಹೆಂಗಸಿಗೂ ಒಂದು ಮನೆ ಇರುತ್ತದೆ ಎಂದು ತಿಳಿದುಕೊಂಡು ಮಾಡಿದ್ದರು. ನಾನೂ ಹಾಗೆಯೇ ತಿಳಿದುಕೊಂಡು ತುಂಬಿಬಿಟ್ಟಿದ್ದೆ.

"ಮನಿ ಇಲ್ಲದಾಕಿಗೆ ಉಡಿ ತುಂಬಿದಿ, ಈಗ ಹೇಳು, ಎಲ್ಲಿ ಸುರೂತಾಳ ಆಕಿ?" ಎಂದು ಮುದುಕಮ್ಮ ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

"ಗಂಡ ಖೋಲಿ ಹಿಡಿಯಾಕ ಹೋಗ್ಯಾನಲ್ಲ. ಅಲ್ಲಿ ಸುರೂತಾಳ. ಹಂಗ ಹಿಡಕೊಂಡು ಕುಂದ್ರವಾ, ಅಲುಗಾಡಬ್ಯಾಡ" ಎಂದು ನಾನು ಹೇಳಿದೆ. ಹುಲಗಮ್ಮ ತಲೆಯಾಡಿಸಿ ಎರಡೂ ಕೈಯಲ್ಲಿ ಉಡಿ ಹಿಡಿದು ಕೂತಳು.

ಹಾಗೆ ಕೂತಿದ್ದಾಗಲೇ ನಿಮ್ಮ ವ್ಯಾನು ಬಂತು. ಸಮಾವೇಶ ಮುಗಿಸಿಕೊಂಡು ದೊಡ್ಡವರು ಆ ರಸ್ತೆಯ ಮೇಲೆ ಹಾಯುವವರಿದ್ದರಂತೆ. "ಏಳ್ರಿ, ಗಾಡಿ ಬಂತು, ಏಳ್ರಿ!" ಎಂದು ಉಮರಸಾಬ ಕೂಗಿದ. ಪಿನ್ನು ಮಾರುವವಳು ಕೂಸಿನ ಕಟ್ಟು ಹರಿದುಕೊಂಡು ಓಡಿದಳು. ಕಣ್ಣಿಲ್ಲದ ಮುದುಕನನ್ನು ಯಾರೋ ಕೈಹಿಡಿದು ಗೋಡೆಯಾಚೆಗೆ ದಾಟಿಸಿದರು. ಓಡುವ ರೂಢಿ ಎಲ್ಲರಿಗೂ ಇತ್ತು, ಹುಲಗಮ್ಮನಿಗೂ ಇತ್ತು. ಆಕೆ ಮಾತ್ರ ಏಳಲಿಲ್ಲ, ಉಡಿಯಲ್ಲಿ ಅಕ್ಕಿ ಇತ್ತು.

ಟೋಪಿ ಹಾಕಿದ ನಿಮ್ಮ ಮನುಷ್ಯ ಬಂದು ನಿಂತ. "ಏಳಬೇ."

"ಉಡಿ ತುಂಬ್ಯಾರ್ರಿ ಸಾಹೇಬ್ರ. ಮನ್ಯಾಗ ದೇವರ ಮುಂದ ಸುರುವೂತನಕ ಚೆಲ್ಲಬಾರದ್ರಿ."

"ಎಲ್ಲೈತಿ ನಿನ್ನ ಮನಿ?"

"ನನ್ನ ಗಂಡ ತರಾಕ ಹೋಗ್ಯಾನ್ರಿ" ಎಂದಳು.

ಮನೆ ಎಂಬುದು ಸಂತೆಯಿಂದ ತರುವ ಸಾಮಾನಿನ ಹಾಗೆ. ಆ ಮನುಷ್ಯ ನಕ್ಕ. ನಗಲಿ. ನಕ್ಕು, "ಯಾರ ಚೀಲದಾಗಿಂದ ಎತ್ತಿ ಇಟ್ಕೊಂಡಿ ಇದೆಲ್ಲ?" ಎಂದ. ಆಗ ನಾನು ಎದ್ದು ಅಡ್ಡ ನಿಂತೆ. ನಾನು ಕೊಟ್ಟದ್ದಪ್ಪ, ಆಕೆ ಕಳ್ಳಿಯಲ್ಲ, ಗಂಡನಿಗೆ ಕಾಯುತ್ತಿದ್ದಾಳೆ, ಪ್ರಯಾಣಿಕಳು ಎಂದೆ. "ಪ್ಯಾಸೆಂಜರ್ ಆದ್ರ ಎಲ್ಲೈತಿ ಆಧಾರ? ಬ್ಯಾಗು?" ಎಂದು ಕೇಳಿದ. ಕಾಯುತ್ತಿದ್ದ ನಮ್ಮೆಲ್ಲರ ಮೇಲೆ ಕಣ್ಣಾಡಿಸಿ, ಬುಟ್ಟಿ, ಬ್ಯಾಗು ಇದ್ದವರನ್ನು ಬಿಟ್ಟ. ನೆಲದ ಮೇಲೆ ಒಂದೇ ಚಾದರದಂಚಿಗೆ ಮೂವರು ಹೆಂಗಸರು ಕೂತಿದ್ದೆವು. ಮೂವರೂ ಬಾರದ ಬಸ್ಸಿಗೆ ಕಾಯುತ್ತಿದ್ದೆವು. ಯಾರು ಪ್ರಯಾಣಿಕರು, ಯಾರು ಕಸ ಎಂದು ನಿಮ್ಮವನಿಗೆ ಅಷ್ಟು ಬೇಗ ಹೇಗೆ ಗೊತ್ತಾಯಿತು? ಅದಕ್ಕೆ ತರಬೇತಿ ಕೊಡುತ್ತೀರಾ?

ನನ್ನ ಬಾಯಿ ದೊಡ್ಡದು. ಜನ ಸೇರಿದರು. ಆಗ ಅವನು ದನಿ ಇಳಿಸಿದ. "ಅಜ್ಜಿ, ನಾವೇನ್ ಜೈಲಿಗೆ ಒಯ್ಯಂಗಿಲ್ಲ. ಆಶ್ರಯಕ್ಕ ಒಯ್ತೀವಿ. ಊಟ ಐತಿ, ಹಾಸಿಗಿ ಐತಿ, ಡಾಕ್ಟರು ಬರ್ತಾರ. ಇಲ್ಲಿ ಕಂಬದ ಬುಡಕ್ಕ ಹಡೀಲೇನು ಆಕಿ? ಗಂಡ ಬಂದ್ರ ಅಲ್ಲಿಗೇ ಕಳಸ್ರಿ" ಎಂದ. ಸರಕಾರದ ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದೆ. ನಂಬಿದೆ. ಅದೇ ಹೊತ್ತಿಗೆ ಕಾರಟಗಿಯ ಬಸ್ಸು ಬಂದು, ಜನ ಮುತ್ತಿ, ಮುದುಕಮ್ಮ ನನ್ನನ್ನು ಎಳೆದುಕೊಂಡು ಹತ್ತಿಸಿದಳು. ಕಿಟಕಿಯಿಂದ ನೋಡಿದೆ. ಇಬ್ಬರು ಹುಲಗಮ್ಮನ ರಟ್ಟೆ ಹಿಡಿದು ವ್ಯಾನಿಗೆ ಏರಿಸುತ್ತಿದ್ದರು. ಆಸರೆಗೆ ಕಂಬಿ ಹಿಡಿಯಲಿಕ್ಕೆ ಆಕೆಗೆ ಕೈ ಖಾಲಿ ಇರಲಿಲ್ಲ. ಎರಡೂ ಕೈ ಉಡಿಯ ಮೇಲಿದ್ದವು. ಒಂದು ಕಾಳು ಚೆಲ್ಲಲಿಲ್ಲ, ಸಾಹೇಬರೇ.

ಅಮೃತಾಳ ಕುಬಸ ದೀಪ ಹಚ್ಚಿದ ಮೇಲೆ ಆಯಿತು. ಬಿಚ್ಚಿದ ಬುತ್ತಿಯನ್ನು ಕಂಡು ಬೀಗರು ಮುಖ ಮುಖ ನೋಡಿಕೊಂಡರು. ನಾನು ನಡೆದದ್ದು ಹೇಳಿದಾಗ ಅಮೃತಾ, "ಆಕಿ ಹೊಟ್ಟಿ ತುಂಬ್ತಲ್ಲ ಅಜ್ಜಿ, ಬಿಡು" ಎಂದಳು. ಮರುದಿನ ಊರಿಗೆ ವಾಪಸಾಗುವಾಗ ಗಂಗಾವತಿಯಲ್ಲಿ ಇಳಿದು, ಆ ಹುಡುಗಿಯ ಕ್ಷೇಮ ಕೇಳಿ ಹೋಗೋಣ ಎಂದು ನಿಲ್ದಾಣಕ್ಕೆ ಬಂದೆವು. ಕಂಬದ ಹತ್ತಿರ ಒಬ್ಬ ಹುಡುಗ ನಿಂತಿದ್ದ. ಹಳದಿ ದಾರ ಕಟ್ಟಿದ ಒಂದು ಕೀಲಿಕೈ ಅವನ ಮುಷ್ಟಿಯಲ್ಲಿತ್ತು.

"ಈತ ಹನಮಪ್ಪ" ಎಂದು ಉಮರಸಾಬ ತೋರಿಸಿದ. "ನಿನ್ನೆ ಸಂಜೀಲಿಂದ ಹಿಂಗ ನಿಂತಾನ. ಚಾ ಕೊಟ್ರೂ ಒಲ್ಲಂತಾನ."

ಆಶ್ರಯಕ್ಕೆ ಹೋಗಲಿಲ್ಲವೇ ಎಂದು ಕೇಳಿದೆ. ಹೋಗಿ ಬಂದಿದ್ದ. ಅಲ್ಲಿಯ ಕಾವಲುಗಾರ, ಇಲ್ಲಿಗೆ ಯಾವ ಬಸುರಿಯನ್ನೂ ತಂದಿಲ್ಲ, ಇದ್ದವರಿಗೇ ಜಾಗವಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದ. ಹನಮಪ್ಪನ ಮುಂದಿನ ಮಾತು ಕೇಳಿದ ಮೇಲೆ ನನಗೆ ಈತನಕ ಸರಿಯಾಗಿ ನಿದ್ದೆ ಇಲ್ಲ. "ಖೋಲಿ ಮುಂಜಾನೇನ ಸಿಕ್ಕಿತ್ತಬೇ" ಎಂದ. "ಮುಂಜಾನಿಲಿಂದ ಕೀಲಿ ಹಿಡಕೊಂಡು ಕಾರಟಗಿ ಸ್ಟ್ಯಾಂಡಿನಾಗ ನಿಂತಿದ್ನಿ. ಬಸ್ಸ ಬರಲಿಲ್ಲಬೇ."

ನಾವು ಆ ತುದಿಯ ಬಸ್ಸಿಗೆ ಕಾಯುತ್ತಿದ್ದಾಗ ಅವನು ಈ ತುದಿಯ ಬಸ್ಸಿಗೆ ಕಾಯುತ್ತಿದ್ದ. ಬಸ್ಸೆಲ್ಲ ಬಡವರ ಉದ್ಧಾರಕ್ಕೆ ಹೋಗಿದ್ದವು. ಮೈಕಿನವಳು ವಿಷಾದಿಸಿದ ಅಡಚಣೆಯ ಹೆಸರು ಹುಲಗಮ್ಮ. ಬಸ್ಸು ಕಳಿಸಿದ ಇಲಾಖೆ ಬೇರೆ, ವ್ಯಾನು ಕಳಿಸಿದ ಇಲಾಖೆ ಬೇರೆ ಎಂದು ನೀವು ಹೇಳುತ್ತೀರಿ. ಇರಬಹುದು. ಹೊಡೆಸಿಕೊಂಡವರಿಗೆ ಎಡಗೈ ಯಾವುದು ಬಲಗೈ ಯಾವುದು ಎಂದು ತಿಳಿಸಿ ಹೇಳುವುದರಿಂದ ಯಾರಿಗೆ ಏನು ಸುಖ?

ಆಮೇಲೆ ಹುಡುಕಿದೆವು. ನಿಮ್ಮ ಕಚೇರಿಗೆ ಹೋದೆವು. ಮೇಜಿನ ಹಿಂದಿದ್ದವನು, ಅಂಥ ಕಾರ್ಯಾಚರಣೆ ನಡೆದೇ ಇಲ್ಲ ಎಂದ. ಪಕ್ಕದ ಮೇಜಿನವನು, ನಡೆದಿದೆ ಆದರೆ ಎಲ್ಲರನ್ನೂ ಸುರಕ್ಷಿತ ಸ್ಥಳಕ್ಕೆ ಸ್ಥಳಾಂತರಿಸಲಾಗಿದೆ ಎಂದ. ಯಾವ ಸ್ಥಳ ಎಂದರೆ, ಸುರಕ್ಷಿತ ಸ್ಥಳ ಎಂದ. ಕಡೆಗೆ ನಿಮ್ಮ ವ್ಯಾನಿನ ಚಾಲಕ, ಉಮರಸಾಬನ ಅಂಗಡಿಯಲ್ಲಿ ಚಹಾ ಕುಡಿಯುತ್ತ, ನಮ್ಮ ಕಾಟ ತಾಳಲಾರದೆ ಅರ್ಧ ಬಾಯಿಬಿಟ್ಟ. ಆಶ್ರಯದವರು ಒಳಗೆ ಬಿಡಲಿಲ್ಲವಂತೆ. "ಊರ ಹದ್ದು ದಾಟಿಸಿ ಒಬ್ಬೊಬ್ಬರನ್ನ ಒಂದೊಂದ್ ಕಡೆ ಇಳಸ್ರಿ, ಕೂಡಿ ವಾಪಸ್ ಬರಬಾರದು ಅಂತ ಹೇಳಿದ್ರು" ಎಂದ. ಹುಲಗಮ್ಮನನ್ನು ಎಲ್ಲಿ ಎಂದು ಕೇಳಿದರೆ ಲೋಟ ಕೆಳಗಿಟ್ಟ. "ಅದನ್ನ ಹೇಳಿದ್ರ ನನ್ನ ನೌಕರಿ ಹೊಕ್ಕೈತಿ ಅಜ್ಜಿ. ನನಗೂ ಮಕ್ಕಳದಾವ" ಎಂದು ಎದ್ದು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳಿದ್ದವನ ಬಾಯಿಗೆ ಬೀಗ ಹಾಕುವುದು ಎಷ್ಟು ಸುಲಭ ಎಂಬುದು ನಿಮಗೆ ಗೊತ್ತು.

ಹನಮಪ್ಪ ಕುಷ್ಟಗಿಯ ರಸ್ತೆಗುಂಟ ನಡೆದು, ಪ್ರತಿ ಊರಿನ ಅಗಸಿ ಬಾಗಿಲಲ್ಲಿ ಕೇಳಿದ. ನಾನು ಯಲಬುರ್ಗಿಯ ಆಸ್ಪತ್ರೆಗೆ ಹೋದೆ, ಕೊಪ್ಪಳದ ಆಸ್ಪತ್ರೆಗೆ ಹೋದೆ, ಹೆರಿಗೆ ಕೋಣೆಯ ಹೊರಗೆ ಕೂತ ಹೆಂಗಸರನ್ನೆಲ್ಲ ಕೇಳಿದೆ. ಹಸಿರು ಖಣ ಹಿಡಿದ ತೆಳ್ಳನೆಯ ಹುಡುಗಿಯನ್ನು ಕಂಡಿರೇನವ್ವ? ಒಬ್ಬಳು, "ಯಾವ ಹುಡುಗೀಬೇ? ದಿನಾ ಎಷ್ಟ್ ಮಂದಿ ಬರ್ತಾರ ಅಂಥವ್ರು" ಎಂದಳು. ಅಲ್ಲಿಯತನಕ ನಾನು ಒಬ್ಬಳನ್ನು ಹುಡುಕುತ್ತಿದ್ದೇನೆ ಎಂದುಕೊಂಡಿದ್ದೆ. ಆ ಮಾತು ಕೇಳಿ ಅಲ್ಲಿಯೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಪೊಲೀಸರಿಗೂ ಹೇಳಿದ್ದೇವೆ. ನೋಡೋಣ ಎಂದಿದ್ದಾರೆ. ಆದರೆ ಸಾಹೇಬರೇ, ಬಸುರು ನೋಡೋಣ ಎಂದರೆ ನಿಲ್ಲುವುದಿಲ್ಲ. ನನ್ನ ಅಂದಾಜಿನಲ್ಲಿ ಹುಲಗಮ್ಮನಿಗೆ ಈಗ ದಿನ ತುಂಬಿವೆ. ಯಾವುದೋ ಊರಿನ ಹೊರಗೆ, ಹೆಸರು ಗೊತ್ತಿಲ್ಲದವರ ನಡುವೆ ಆಕೆ ಹಡೆದಿರಬಹುದು. ನಡುವೆ ಯಾರೂ ಇಲ್ಲದೆಯೂ ಹಡೆದಿರಬಹುದು. ಇದನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ನಿಮಗೆ ಓದುವಾಗ ಹಾಗೇನಾದರೂ ಆಗುತ್ತದೆಯೋ ಇಲ್ಲವೋ.

ನಾನು ಕೇಳುತ್ತಿರುವುದು ದೊಡ್ಡದಲ್ಲ. ತನಿಖೆ ಬೇಡ, ಸಮಿತಿ ಬೇಡ, ನಿಮ್ಮ ಕ್ಷಮೆ ಕೂಡ ಬೇಡ. ನಿಮ್ಮ ಚಾಲಕನನ್ನು ಕರೆದು, ನಿನ್ನ ನೌಕರಿಗೆ ಕುತ್ತಿಲ್ಲ, ಆ ಜಾಗ ಹೇಳು ಎಂದು ಒಂದು ಮಾತು ಹೇಳಿ. ಅವನು ಹೇಳಿದ್ದನ್ನು ನಮಗೆ ತಿಳಿಸಿ. ಯಾವ ರಸ್ತೆ, ಯಾವ ಊರಿನ ಹತ್ತಿರ, ಯಾವ ಗಿಡದ ಕೆಳಗೆ. ಅಷ್ಟು ಸಾಕು, ಅಲ್ಲಿಂದ ನಾವು ಹುಡುಕಿಕೊಳ್ಳುತ್ತೇವೆ.

ಇನ್ನೂ ಒಂದಿದೆ. ಬಾರದವನಿಗೆ ಎಷ್ಟಂತ ಕಾಯುವುದು ಎಂದು ಮಿಲ್ಲಿನವರು ಆ ಖೋಲಿಯನ್ನು ಬೇರೆಯವರಿಗೆ ಕೊಟ್ಟರು, ಕೆಲಸವನ್ನೂ ಕೊಟ್ಟರು. ಹೆಂಡತಿ ಎಲ್ಲಿಂದ ಬಂದರೂ ಇಲ್ಲಿಗೇ ಬರುತ್ತಾಳೆ ಎಂದು ಹನಮಪ್ಪ ಈಗ ಗಂಗಾವತಿಯ ಆ ಕಂಬದ ಹತ್ತಿರವೇ ಕೂತಿರುತ್ತಾನೆ. ಗಡ್ಡ ಬೆಳೆದಿದೆ, ಅಂಗಿ ಹೊಲಸಾಗಿದೆ, ಕೈಯಲ್ಲಿ ಬ್ಯಾಗಿಲ್ಲ. ಮುಂದಿನ ಸಲ ದೊಡ್ಡವರು ಆ ರಸ್ತೆಯ ಮೇಲೆ ಹಾಯುವ ದಿನ ನಿಮ್ಮ ವ್ಯಾನು ಬಂದೇ ಬರುತ್ತದೆ, ನಿಮ್ಮ ಟೋಪಿಯವನ ಕಣ್ಣು ಅವನ ಮೇಲೆ ಬಿದ್ದೇ ಬೀಳುತ್ತದೆ. ಅವನು ಓಡುವುದಿಲ್ಲ. ಒಯ್ಯಬೇಡಿ ಎಂದು ನಾನು ಹೇಳಿದರೆ ಕೇಳುವವರಲ್ಲ ನೀವು. ಒಯ್ಯುವುದೇ ಆದರೆ ದಯವಿಟ್ಟು, ಆಕೆಯನ್ನು ಇಳಿಸಿದ ಜಾಗದಲ್ಲೇ ಅವನನ್ನೂ ಇಳಿಸಿ.

ಇಂತಿ,
ನಿಮ್ಮವರು ಪ್ರಯಾಣಿಕಳೆಂದು ಎಣಿಸಿ ಬಿಟ್ಟುಹೋದ ಮುದುಕಿ,
ದ್ರಾಕ್ಷಾಯಿಣಿ
ಮಂಗಳೂರು, ಕುಕನೂರು ತಾಲ್ಲೂಕು